ಮತ್ತೆ ಕೈಗೆ ಬಂದ ಹಳೇ ಕ್ಯಾಮರಾ



ಮೊನ್ನೆ ಬೀರುವಿನ ಮೇಲಿಂದ ಸ್ಟೀಲ್ ಡಬ್ಬಿಯೊಂದನ್ನು ಇಳಿಸಿದೆ. ಚಕ್ಕುಲಿ ಅಂತ ಮೊಮ್ಮಗ ಓಡಿಬಂದ. ಮುಚ್ಚಳ ತೆಗೆದರೆ ಕ್ಯಾಮರಾ! ಅವನ ಮುಖ ನೋಡಬೇಕಿತ್ತು.

ಎರಡು ವರ್ಷದಿಂದ ನಾನದನ್ನು ಮುಟ್ಟಿರಲಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೇನೆ.

ಇದು ಎಪ್ಸನ್ ಆರ್-ಡಿ1. 2004ರಲ್ಲಿ ಜಪಾನಿನಿಂದ ಬಂದದ್ದು; ರೇಂಜ್‌ಫೈಂಡರ್ ಜಾತಿಯಲ್ಲಿ ಮೊಟ್ಟಮೊದಲ ಡಿಜಿಟಲ್ ಕ್ಯಾಮರಾ. ಮೈದುನ ಬೇರೆ ಕೊಂಡಾಗ "ಅತ್ತಿಗೆ, ಇದು ನಿಮಗಿರಲಿ" ಅಂತ ಕೊಟ್ಟುಹೋದ. ಫಿಲಂ ಇಲ್ಲದಿದ್ದರೂ ಪ್ರತಿ ಚಿತ್ರಕ್ಕೂ ಹೆಬ್ಬೆರಳಿನಿಂದ ಲಿವರ್ ಎಳೆಯಲೇಬೇಕು. ಮೇಲೆ ಕೈಗಡಿಯಾರದಂಥ ಮುಳ್ಳುಗಳು. ಎಷ್ಟು ಚಿತ್ರ ಉಳಿದಿದೆ, ಬ್ಯಾಟರಿ ಎಷ್ಟಿದೆ ಅಂತ ತೋರಿಸುತ್ತವೆ. ಹಿಂದಿನ ಪರದೆ ಮಗುಚಿಟ್ಟರೆ ಅಪ್ಪನ ಕಾಲದ ಕ್ಯಾಮರಾವೇ ಸರಿ.

ಅದಕ್ಕೆ ಹಾಕುವ ಲೆನ್ಸಂತೂ ನಿಜವಾಗಿ ಅಪ್ಪನದೇ. ಅವರ ರಷ್ಯದ ಜೋರ್ಕಿ-4 ಕ್ಯಾಮರಾದ ಜುಪಿಟರ್-8, 50 ಮಿ.ಮೀ. ಯುದ್ಧಕ್ಕೆ ಮುಂಚಿನ ಜರ್ಮನಿಯ ಝೈಸ್ ಸೋನಾರ್ ಲೆನ್ಸಿನ ವಿನ್ಯಾಸವನ್ನೇ ಅನುಸರಿಸಿ ಮಾಡಿದ್ದು. ಅದರ ಬಾಯಿ 39 ಮಿ.ಮೀ. ತಿರುಪಿನದು, ಎಪ್ಸನ್ನಿನದು 1954ರಲ್ಲಿ ಲೈಕಾದವರು ತಂದ ಎಂ ಮಾದರಿಯದು. ನಡುವೆ ತೆಳ್ಳನೆಯ ಬಳೆಯಂಥ ಅಡಾಪ್ಟರ್ ಸಿಕ್ಕಿಸಿದರೆ ಸಂಬಂಧ ಕೂಡಿಬರುತ್ತದೆ. ಒಂದು ಮೀಟರಿಗಿಂತ ಹತ್ತಿರದ ವಸ್ತು ಮಾತ್ರ ಈ ಲೆನ್ಸಿಗೆ ಸ್ಫುಟವಾಗದು. ಹೋಳಿಗೆ ತಟ್ಟೆಯ ಫೋಟೋ ತೆಗೀಬೇಕು ಅಂತ ಇಂಥದ್ದನ್ನು ಕೊಳ್ಳಬೇಡಿ, ಅದಕ್ಕೆ ಮೊಬೈಲೇ ಸಾಕು.

ಇದರ ಗುಟ್ಟು ಇರೋದು ಬೇರೆ ಕಡೆ. ಮುಂದುಗಡೆ ಎರಡು ಕಿಟಕಿ, ನಮ್ಮ ಎರಡು ಕಣ್ಣಿನ ಹಾಗೆ. ಒಂದರಿಂದ ನೀವು ನೋಡುತ್ತೀರಿ. ಇನ್ನೊಂದರ ಬಿಂಬ ಒಳಗಿನಿಂದಲೇ ತಿರುಗಿ ಬಂದು ನಡುವಿನ ಪುಟ್ಟ ಚೌಕದಲ್ಲಿ ಕೂರುತ್ತದೆ. ನಮ್ಮ ಅತ್ತೆಯವರ ಮೂಗುಬೊಟ್ಟು ಅಲ್ಲಿ ಎರಡಾಗಿ ಕಂಡಿತೆನ್ನಿ. ಲೆನ್ಸಿನ ಉಂಗುರ ಮೆಲ್ಲಗೆ ತಿರುಗಿಸಬೇಕು. ಎರಡೂ ಸರಿಯುತ್ತ ಸರಿಯುತ್ತ ಒಂದಾದರೆ ಚಿತ್ರ ಸ್ಫುಟವಾಯಿತು ಅಂತ ಲೆಕ್ಕ.

ಎರಡು ವರ್ಷದ ಹಿಂದೆ ಆ ಬೊಟ್ಟುಗಳು ಒಂದಾಗುವುದೇ ನಿಂತುಹೋಯಿತು. ಎಷ್ಟು ತಿರುಗಿಸಿದರೂ ನೆರಳಿನಂಥದ್ದೊಂದು ಪಕ್ಕದಲ್ಲೇ. ಅಪ್ಪನ ಲೆನ್ಸು ಕೆಟ್ಟಿತು ಅಂತ ಅತ್ತುಬಿಟ್ಟೆ ಕಣ್ರೀ! ಟಾರ್ಚ್ ಬಿಟ್ಟು ನೋಡಿದರೆ ಗಾಜು ಶುಭ್ರ. ಏನೂ ತೋಚದೆ ಡಬ್ಬಿಗೆ ಸೇರಿಸಿದೆ. ಒಂದು ಹುಣ್ಣಿಮೆ ದಿನ ತುಳಸಿಕಟ್ಟೆ ಹತ್ತಿರ ನಿಂತಿದ್ದಾಗ ಚಂದ್ರನೂ ಜೋಡಿಯಾಗಿ ಕಂಡ. ಕೆಟ್ಟದ್ದು ಲೆನ್ಸಲ್ಲ, ನನ್ನ ಬಲಗಣ್ಣು. ಪೊರೆ ಬಂದಿತ್ತು.

ಆದರೂ ಮನೆಯವರಿಗೆ ಹೇಳದೆ ವರ್ಷ ತಳ್ಳಿದೆ ನೋಡಿ, ಅದು ನನ್ನ ಮೂರ್ಖತನ. ಹಪ್ಪಳದ ಕಾಲ ಮುಗೀಲಿ, ಸೊಸೆಯ ಬಾಣಂತನ ಮುಗೀಲಿ ಅಂತ ನೆಪ. ನಮ್ಮ ಸರದಿ ಯಾವತ್ತೂ ಕೊನೆಗೇ ತಾನೇ? ಒಂದು ಕಣ್ಣು ಮುಚ್ಚಿಕೊಂಡಾಗಲೂ ಎರಡೆರಡು ಕಂಡರೆ ನೀವು ಹಾಗೆ ಕಾಯಬೇಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ನನಗೆ ಪೊರೆ ತೆಗೆದು ಕೃತಕ ಮಸೂರ ಕೂರಿಸಿದರು. ಕ್ಯಾಮರಾಕ್ಕೆ ಹಳೇ ಲೆನ್ಸು, ನನಗೆ ಹೊಸದು!

ಮನೆಯಲ್ಲಿ ಹಳೇ ಲೆನ್ಸಿದ್ದವರಿಗೆ ಒಂದು ಮಾತು. ಮಳೆಗಾಲದಲ್ಲಿ ಗಾಜಿಗೂ ಬೂಷ್ಟು ಹಿಡಿಯುತ್ತದೆ. ಚರ್ಮದ ಚೀಲ ತೇವ ಹಿಡಿದಿಡುತ್ತದೆ, ಬೇಡ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬ್ಯಾಟರಿ ತೆಗೆದಿಡಿ. ನನ್ನ ಕ್ಯಾಮರಾ 2 ಜಿಬಿಗಿಂತ ದೊಡ್ಡ ಕಾರ್ಡು ಓದುವುದಿಲ್ಲ, ಅದಕ್ಕೇ ಹಳೇ ಕಾರ್ಡುಗಳನ್ನು ಚಿನ್ನದ ಹಾಗೆ ಕಾಯ್ತೇನೆ. 60 ಲಕ್ಷ ಚುಕ್ಕಿಗಳಷ್ಟೇ ಅಂತ ಮಗ ನಗ್ತಾನೆ. ಗೋಡೆಗೆ ಹಾಕುವ 10 ಇಂಚಿನ ಚಿತ್ರಕ್ಕೆ ಅಷ್ಟು ಧಾರಾಳ ಸಾಕು.

ಡಬ್ಬಿ ಇಳಿಸಿದ ದಿನವೇ ಅತ್ತೆಯವರನ್ನು ಅಡುಗೆಮನೆ ಕಿಟಕಿಯ ಪಕ್ಕ ಕೂರಿಸಿದೆ. ಅವರಿಗೆ ಎಂಬತ್ತನಾಲ್ಕು. ಮೊಬೈಲು ಹಿಡಿದರೆ ಸೆರಗು ಮುಖಕ್ಕೆ ಎಳೆದುಕೊಳ್ಳುವವರು ಇದಕ್ಕೆ ಕೂತರು. ನಾನು ಉಂಗುರ ತಿರುಗಿಸುತ್ತಲೇ ಇದ್ದೆ, ಕೈ ನಡುಗುತ್ತಿತ್ತು.

"ಆಯ್ತೇನೇ?" ಅಂದರು.

"ತಡೀರಿ ಅತ್ತೆ, ನಿಮ್ಮ ಮೂಗುಬೊಟ್ಟು ಇನ್ನೂ ಎರಡು ಕಾಣ್ತಿದೆ."

"ಎರಡಿದ್ರೆ ಒಂದು ನೀನಿಟ್ಕೊಳ್ಳೇ" ಅಂದು ನಕ್ಕರು. ಅಷ್ಟರಲ್ಲಿ ಎರಡೂ ಒಂದಾದವು. ಒತ್ತಿಬಿಟ್ಟೆ.