ಹೊಳೆಯ ದಂಡೆ ಎಲ್ಲರದು

ಮನುಷ್ಯನಿಗೂ ನೀರಿಗೂ ಇರುವ ನಂಟು ಬಹು ಪುರಾತನವಾದುದು. ಊರುಗಳು ಹುಟ್ಟಿದ್ದು ಹೊಳೆಯ ದಂಡೆಯಲ್ಲಿ. ದೇವಾಲಯಗಳು ಎದ್ದದ್ದೂ, ಜಾತ್ರೆಗಳು ನೆರೆದದ್ದೂ ಹೆಚ್ಚಾಗಿ ಅಲ್ಲಿಯೇ. ಇಂದು ಮನೆಯೊಳಗೇ ನಲ್ಲಿಯಲ್ಲಿ ನೀರು ಬರುವ ಕಾಲದಲ್ಲಿಯೂ ಈ ನಂಟು ಕಡಿದುಹೋಗಿಲ್ಲ. ವಾರವೆಲ್ಲ ದುಡಿದು ದಣಿದವನು ಒಂದು ದಿನದ ಬಿಡುವು ದೊರೆತೊಡನೆ ನೀರಿರುವ ಕಡೆಗೆ ಹೊರಡುತ್ತಾನೆ. ಕರಾವಳಿಯವನು ಕಡಲ ತೀರಕ್ಕೆ ಹೋಗುತ್ತಾನೆ. ಬಯಲುಸೀಮೆಯವನು ಕೆರೆಯ ಏರಿಯ ಮೇಲೆ ಕುಳಿತುಕೊಳ್ಳುತ್ತಾನೆ. ಮೈಸೂರು ಸೀಮೆಯವನು ಕಾವೇರಿಯ ದಂಡೆಯನ್ನು ಅರಸಿ ಬರುತ್ತಾನೆ. ಹರಿಯುವ ನೀರನ್ನು ನೋಡುತ್ತ ಕುಳಿತರೆ ಕೈಗೆ ಕಾಸು ಬರುವುದಿಲ್ಲ, ನಿಜ. ಆದರೂ ಸಂಜೆ ಹಿಂದಿರುಗುವಾಗ ಅವನ ಮನಸ್ಸು ಹಗುರವಾಗಿರುತ್ತದೆ. ಆದುದರಿಂದ ಇಂತಹ ವಿಹಾರವನ್ನು ವ್ಯರ್ಥವಾದ ಕಾಲಹರಣವೆಂದು ತಳ್ಳಿಹಾಕಲಾಗದು. ಅದು ಹೇಗೆ ನಡೆಯಬೇಕೆಂಬುದು ಮಾತ್ರ ಆಲೋಚಿಸಬೇಕಾದ ವಿಷಯ. ಇದಕ್ಕೆ ಚುಂಚನಕಟ್ಟೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು.

ಚುಂಚನಕಟ್ಟೆ ಮೈಸೂರು ಜಿಲ್ಲೆಯಲ್ಲಿ ಕೃಷ್ಣರಾಜನಗರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ. ತಲಕಾವೇರಿಯಲ್ಲಿ ಹುಟ್ಟಿ, ಕೊಡಗಿನ ಬೆಟ್ಟಗಳ ನಡುವೆ ಹರಿದು, ಕುಶಾಲನಗರ, ರಾಮನಾಥಪುರಗಳನ್ನು ದಾಟಿ ಬರುವ ಕಾವೇರಿಯು ಇಲ್ಲಿ ಕವಲೊಡೆದು, ಬಂಡೆಗಳ ಮೇಲಿಂದ ಸುಮಾರು 20 ಮೀಟರ್ ಕೆಳಕ್ಕೆ ಧುಮುಕುತ್ತದೆ. ಊರಿನ ಹೆಸರಿನಲ್ಲಿರುವ ಕಟ್ಟೆ ಹೊಳೆಗೆ ಅಡ್ಡಲಾಗಿ ಹಾಕಿದ ಅಣೆಕಟ್ಟೆಯನ್ನು ನೆನಪಿಗೆ ತರುತ್ತದೆ. ಆ ಕಟ್ಟೆಯಿಂದ ಹೊರಟ ನಾಲೆಯ ನೀರು ಗದ್ದೆಗಳಿಗೆ ಹರಿಯುತ್ತದೆ. ಈ ನೀರಿನಿಂದಲೇ ಇಲ್ಲಿ ವಿದ್ಯುತ್ತೂ ಉತ್ಪಾದನೆಯಾಗುತ್ತದೆ. ಬೇಸಗೆಯಲ್ಲಿ ಧಾರೆ ಸೊರಗುತ್ತದೆ. ಕೊಡಗಿನಲ್ಲಿ ಮುಂಗಾರು ಬಲಗೊಂಡೊಡನೆ, ಜುಲೈ, ಆಗಸ್ಟ್ ತಿಂಗಳುಗಳಲ್ಲಿ, ಅದು ಕೆಂಪು ಬಣ್ಣಕ್ಕೆ ತಿರುಗಿ ಭೋರ್ಗರೆಯತೊಡಗುತ್ತದೆ. ದಂಡೆಯ ಮೇಲೆ ಕೋದಂಡರಾಮನ ದೇವಾಲಯವಿದೆ. ಇತರ ಕಡೆಗಳಲ್ಲಿ ರಾಮನ ಎಡಕ್ಕೆ ನಿಲ್ಲುವ ಸೀತೆ ಇಲ್ಲಿ ಬಲಕ್ಕೆ ನಿಂತಿದ್ದಾಳೆ. ಹೊರಗೆ ಅಷ್ಟೊಂದು ಮೊರೆಯುವ ನೀರಿನ ಸದ್ದು ಗರ್ಭಗುಡಿಯೊಳಗೆ ಕೇಳಿಸದೆಂದು ಜನರು ಹೇಳುತ್ತಾರೆ.

ಮಳೆಗಾಲದ ಒಂದು ಭಾನುವಾರ ಇಲ್ಲಿಗೆ ಬರುವ ಜನರನ್ನು ನೋಡಬೇಕು. ಹುಣಸೂರು, ಪಿರಿಯಾಪಟ್ಟಣಗಳಿಂದ ಸಂಸಾರಸಮೇತರಾಗಿ ಬಂದವರು, ಮೈಸೂರಿನಿಂದ ಗುಂಪುಕಟ್ಟಿಕೊಂಡು ಬಂದ ತರುಣರು, ಮೊಮ್ಮಕ್ಕಳ ಕೈಹಿಡಿದ ಅಜ್ಜಿಯರು, ಸುತ್ತಲಿನ ಹಳ್ಳಿಗಳ ರೈತರು ಎಲ್ಲರೂ ಒಂದೇ ದಂಡೆಯಲ್ಲಿ ಸೇರುತ್ತಾರೆ. ಮೊದಲು ದೇವರ ದರ್ಶನ. ಅನಂತರ ನೀರಿನ ದರ್ಶನ. ಮಧ್ಯಾಹ್ನವಾದೊಡನೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿಕೊಳ್ಳುತ್ತದೆ. ಪುಳಿಯೋಗರೆ, ಮೊಸರನ್ನ, ಮಾವಿನಕಾಯಿಯ ಉಪ್ಪಿನಕಾಯಿ. ಇವೆಲ್ಲ ಮನೆಯಲ್ಲಿ ನಿತ್ಯವೂ ಉಣ್ಣುವ ಪದಾರ್ಥಗಳೇ. ಆದರೆ ನೀರಿನ ತುಂತುರು ಮುಖಕ್ಕೆ ಸೋಕುತ್ತಿರುವಾಗ ಅವುಗಳ ರುಚಿಯೇ ಬೇರೆ. ಪಕ್ಕದಲ್ಲಿ ಕುಳಿತ ಅಪರಿಚಿತರಿಗೂ ಒಂದು ತುತ್ತು ಹೋಗುತ್ತದೆ. ಸೌತೆಕಾಯಿ, ಚುರುಮುರಿ, ಸುಟ್ಟ ಜೋಳದ ತೆನೆ ಮಾರುವವರಿಗೂ ಆ ದಿನ ನಾಲ್ಕು ಕಾಸು ಕೂಡುತ್ತದೆ. ಹಣವಂತನಿಗೂ ಬಡವನಿಗೂ ಜಲಪಾತ ಒಂದೇ ಬಗೆಯಾಗಿ ಕಾಣುವುದು ಈ ವಿಹಾರದ ದೊಡ್ಡ ಗುಣ.

ಆದರೆ ಸಂಜೆಯ ಹೊತ್ತಿಗೆ ಅದೇ ದಂಡೆಯ ನೋಟ ಬದಲಾಗುತ್ತದೆ. ಊಟ ಮಾಡಿದ ತಟ್ಟೆಗಳು, ಪ್ಲಾಸ್ಟಿಕ್ ಚೀಲಗಳು, ನೀರಿನ ಬಾಟಲಿಗಳು, ಕೆಲವೊಮ್ಮೆ ಒಡೆದ ಗಾಜಿನ ಚೂರುಗಳು ಬಂಡೆಗಳ ಸಂದಿಯಲ್ಲಿ ಉಳಿದಿರುತ್ತವೆ. ಬೆಳಗ್ಗೆ ಚೊಕ್ಕಟವಾದ ತಾಣವನ್ನು ಅರಸಿ ಬಂದವರೇ ಅದನ್ನು ಮಲಿನಗೊಳಿಸಿ ಹೋಗಿರುತ್ತಾರೆ. ಅವರು ಕೆಟ್ಟವರೇನಲ್ಲ, ತಮ್ಮ ಮನೆಯ ಅಂಗಳದಲ್ಲಿ ಒಂದು ಕಡ್ಡಿ ಬಿದ್ದಿದ್ದರೂ ಸಹಿಸದ ಜನರೇ ಅವರು. ‘ಇದು ಯಾರದೂ ಅಲ್ಲ’ ಎಂಬ ಭಾವನೆಯೇ ಇದಕ್ಕೆಲ್ಲ ಕಾರಣ. ಎಲ್ಲರದಾದುದನ್ನು ಯಾರದೂ ಅಲ್ಲವೆಂದು ತಿಳಿಯುವುದು ನಮ್ಮ ಸಾರ್ವಜನಿಕ ಜೀವನದ ದೊಡ್ಡ ದೋಷ. ಚುಂಚನಕಟ್ಟೆಯಲ್ಲಿ ಎಸೆದುದು ಅಲ್ಲಿಯೇ ನಿಲ್ಲುವುದಿಲ್ಲವೆಂಬುದನ್ನೂ ಅವರು ಯೋಚಿಸುವುದಿಲ್ಲ. ಈ ಹೊಳೆ ಮುಂದೆ ಹರಿದು ಕೃಷ್ಣರಾಜಸಾಗರವನ್ನು ಸೇರುತ್ತದೆ. ಮೈಸೂರು, ಮಂಡ್ಯ, ಬೆಂಗಳೂರುಗಳ ಜನರು ಕುಡಿಯುವುದು ಕಾವೇರಿಯ ನೀರನ್ನೇ. ಮೈಸೂರಿನಿಂದ ಬಂದ ವಿಹಾರಿ ಬಿಸಾಡಿದ ಕೊಳೆ ಅವನ ಹಿಂದೆಯೇ ಅವನ ಊರಿನತ್ತ ಹೊರಡುತ್ತದೆ.

ಹಿಂದೆಯೂ ಈ ದಂಡೆಗೆ ಜನರು ಬರುತ್ತಿದ್ದರು. ಸಂಕ್ರಾಂತಿಯ ಸುಮಾರಿಗೆ ಇಲ್ಲಿ ನಡೆಯುವ ದನಗಳ ಜಾತ್ರೆ ಮೈಸೂರು ಸೀಮೆಯಲ್ಲಿ ಹೆಸರಾದುದು. ಹಳ್ಳಿಕಾರ್ ತಳಿಯ ಎತ್ತುಗಳನ್ನು ಸಿಂಗರಿಸಿ ರೈತರು ದೂರದೂರದಿಂದ ಬರುತ್ತಾರೆ. ಕೋದಂಡರಾಮನ ರಥೋತ್ಸವವೂ ಆಗ ನಡೆಯುತ್ತದೆ. ಜಾತ್ರೆಗೆ ಬರುವವನಿಗೆ ಹಿರಿಯರು ಹಾಕಿಕೊಟ್ಟ ಕಟ್ಟಳೆಗಳಿದ್ದವು. ಹೊಳೆಗೆ ಇಳಿಯುವ ಮುನ್ನ ಕೈಮುಗಿಯಬೇಕು, ನೀರಿನಲ್ಲಿ ಉಗುಳಬಾರದು, ತುಂಬಿದ ಹೊಳೆಯನ್ನು ಕೆಣಕಬಾರದು. ಉಂಡ ಬಾಳೆಲೆಯನ್ನು ದನಗಳು ತಿನ್ನುತ್ತಿದ್ದವು, ಇಲ್ಲವೇ ಅದು ಮಣ್ಣಿನಲ್ಲಿ ಮಣ್ಣಾಗುತ್ತಿತ್ತು. ಇದೇ ಹೊಳೆಯ ಮೇಲುಭಾಗದಲ್ಲಿರುವ ರಾಮನಾಥಪುರದಲ್ಲಿ ದೇವಾಲಯದ ಬಳಿಯ ಮೀನುಗಳನ್ನು ಜನರು ಹಿಡಿಯದೆ, ಅವುಗಳಿಗೆ ಆಹಾರ ಹಾಕಿ ಸಂತೋಷಪಡುತ್ತಾರೆ. ಕಾವಲುಗಾರನ ಭಯಕ್ಕಿಂತ ನಂಬಿಕೆಯೇ ಆ ಮೀನುಗಳನ್ನು ಬಹುಕಾಲ ಕಾಪಾಡಿದೆ.

ಈಗಿನ ವಿಹಾರಿ ಹಳೆಯ ಕಟ್ಟಳೆಗಳನ್ನು ಬಿಟ್ಟಿದ್ದಾನೆ. ಅವುಗಳ ಸ್ಥಾನದಲ್ಲಿ ಹೊಸ ನಿಯಮಗಳನ್ನು ಇನ್ನೂ ಮಾಡಿಕೊಂಡಿಲ್ಲ. ತೊಂದರೆ ಇರುವುದು ಇಲ್ಲಿ. ಇದನ್ನು ಕಂಡು ಬೇಸತ್ತ ಕೆಲವರು ದಂಡೆಗೆ ಬೇಲಿ ಹಾಕಿ ಜನರನ್ನು ದೂರವಿಡಬೇಕೆಂದು ವಾದಿಸುತ್ತಾರೆ. ಹೆಚ್ಚು ಶುಲ್ಕ ಗೊತ್ತುಮಾಡಿದರೆ ಗದ್ದಲ ತಾನಾಗಿಯೇ ತಗ್ಗುವುದೆಂದು ಇನ್ನು ಕೆಲವರು ಹೇಳುತ್ತಾರೆ. ಈ ವಾದಗಳನ್ನು ಒಪ್ಪಲಾಗದು. ಶುಲ್ಕ ಹೆಚ್ಚಾದರೆ ದೂರ ಉಳಿಯುವವನು ಕಸ ಚೆಲ್ಲುವವನಲ್ಲ, ಹಣವಿಲ್ಲದವನು. ಸಂಸಾರದೊಡನೆ ದೂರದ ಊರುಗಳಿಗೆ ಪ್ರವಾಸ ಹೋಗಲಾರದ ಕೂಲಿಕಾರನಿಗೆ ವರ್ಷಕ್ಕೊಮ್ಮೆ ದೊರೆಯುವ ಸಂತೋಷ ಈ ಹೊಳೆಯ ದಂಡೆಯದು. ಅದನ್ನು ಅವನಿಂದ ಕಸಿದುಕೊಳ್ಳುವುದು ನ್ಯಾಯವಲ್ಲ.

ನೀರು ಮತ್ತು ಅದರ ತೀರ ಎಲ್ಲರಿಗೂ ಸೇರಿದುವೆಂಬ ವಿಚಾರ ಹೊಸದಲ್ಲ. ಕ್ರಿ.ಶ. 533ರಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಹೊರಡಿಸಿದ ನ್ಯಾಯಗ್ರಂಥವು ಗಾಳಿ, ಹರಿಯುವ ನೀರು, ಸಮುದ್ರ, ಸಮುದ್ರತೀರ ಇವು ಸ್ವಭಾವತಃ ಸರ್ವರ ಸೊತ್ತೆಂದು ಸಾರಿತು. ನಮ್ಮ ದೇಶದಲ್ಲಿ ಹಿಮಾಚಲ ಪ್ರದೇಶದ ಬಿಯಾಸ್ ನದಿಯ ದಂಡೆಯ ಭೂಮಿಯನ್ನು ಖಾಸಗಿ ವಸತಿಗೃಹವೊಂದಕ್ಕೆ ಗುತ್ತಿಗೆ ಕೊಟ್ಟಾಗ, ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಆ ಗುತ್ತಿಗೆಯನ್ನು ರದ್ದುಗೊಳಿಸಿತು. ಇಂತಹ ಪ್ರಕೃತಿಸಂಪತ್ತಿಗೆ ಸರ್ಕಾರವು ಒಡೆಯನಲ್ಲ, ಜನರ ಪರವಾಗಿ ಅದನ್ನು ಕಾಯುವ ಧರ್ಮದರ್ಶಿ ಮಾತ್ರ ಎಂಬುದು ಆ ತೀರ್ಪಿನ ತಿರುಳು. ಆದರೆ ಹಕ್ಕಿನ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. 1976ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿಸಲಾದ ಮೂಲಭೂತ ಕರ್ತವ್ಯಗಳಲ್ಲಿ ಅರಣ್ಯ, ಸರೋವರ, ನದಿ, ವನ್ಯಜೀವಿಗಳನ್ನು ರಕ್ಷಿಸುವುದೂ ಒಂದು. ದಂಡೆಯಲ್ಲಿ ಕುಳಿತುಕೊಳ್ಳುವ ಹಕ್ಕು ಯಾರಿಗಿದೆಯೋ, ಅದನ್ನು ಕಾಯುವ ಹೊಣೆಯೂ ಅವರದೇ.

ಕಸದ ಮಾತಿಗಿಂತ ಗುರುತರವಾದ ಇನ್ನೊಂದು ಸಂಗತಿಯಿದೆ. ಅದು ಪ್ರಾಣದ ಪ್ರಶ್ನೆ. ವಿಹಾರಕ್ಕೆಂದು ನದಿಗೂ ಜಲಪಾತಕ್ಕೂ ಹೋದ ತರುಣರು ನೀರುಪಾಲಾದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬಾರದ ವರ್ಷವಿಲ್ಲ. 2021ರಲ್ಲಿ ಪ್ರಪಂಚದಾದ್ಯಂತ ಸುಮಾರು ಮೂರು ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕಹಾಕಿದೆ. ಅದೇ ವರ್ಷ ವಿಶ್ವಸಂಸ್ಥೆಯು ಜುಲೈ 25ನ್ನು ಮುಳುಗುಸಾವು ತಡೆಯುವ ದಿನವೆಂದು ಗೊತ್ತುಮಾಡಿತು. ಚುಂಚನಕಟ್ಟೆಯ ಧಾರೆ ತುಂಬಿ ಹರಿಯುವ, ಜನರು ಹೆಚ್ಚಾಗಿ ಬರುವ ತಿಂಗಳೂ ಜುಲೈ ಎಂಬುದು ಗಮನಿಸತಕ್ಕ ಮಾತು.

ಈಜು ಬಲ್ಲವನಿಗೆ ಭಯವೇನೆಂದು ಕೆಲವರು ಕೇಳಬಹುದು. ಆದರೆ ಬಾವಿಯ ನೀರು ಬೇರೆ, ಜಲಪಾತದ ನೀರು ಬೇರೆ. ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದರ ನೂಕುಬಲ ನಾಲ್ಕರಷ್ಟಾಗುತ್ತದೆ. ವೇಗವಾಗಿ ಹರಿಯುವ ಮೊಣಕಾಲುದ್ದದ ನೀರು ಗಟ್ಟಿಮುಟ್ಟಾದ ಆಳನ್ನೂ ಉರುಳಿಸಬಲ್ಲದು. ಧಾರೆ ಬೀಳುವೆಡೆಯಲ್ಲಿ ನೀರಿನೊಳಗೆ ಗಾಳಿಯ ಗುಳ್ಳೆಗಳು ತುಂಬಿರುತ್ತವೆ. ಆ ನೊರೆನೀರಿಗೆ ತೇಲಿಸುವ ಶಕ್ತಿ ಕಡಿಮೆಯಾದುದರಿಂದ ಈಜುಗಾರನೂ ಅಲ್ಲಿ ಕುಸಿಯುತ್ತಾನೆ; ಅಡಿಯ ಸುಳಿ ಅವನನ್ನು ಮೇಲೇಳಗೊಡುವುದಿಲ್ಲ. ಬಂಡೆಗಳ ಮೇಲಿನ ಪಾಚಿ ಕಣ್ಣಿಗೆ ಕಾಣದಿದ್ದರೂ ಕಾಲನ್ನು ಜಾರಿಸುತ್ತದೆ. ಎಲ್ಲಕ್ಕಿಂತ ಮೋಸದ ಸಂಗತಿಯೆಂದರೆ, ಚುಂಚನಕಟ್ಟೆಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಕೊಡಗಿನ ಮಳೆಯಿಂದ ಹೊಳೆ ಏರಬಹುದು. ಬೆಳಗ್ಗೆ ನಡೆದುಹೋದ ಬಂಡೆ ಮಧ್ಯಾಹ್ನ ನಡುಗಡ್ಡೆಯಾಗಿಬಿಡಬಹುದು. 1924ರ ಜುಲೈ ತಿಂಗಳಲ್ಲಿ ಬಂದ ಮಹಾಪ್ರವಾಹವು ಈ ನದಿಯ ಶಕ್ತಿಯನ್ನು ಇಡೀ ದಕ್ಷಿಣ ಭಾರತಕ್ಕೆ ತೋರಿಸಿಕೊಟ್ಟಿತು.

ಇಷ್ಟನ್ನು ತಿಳಿದೂ ಕೆಲವರು ಮುಂದಿನ ಬಂಡೆಗೆ ಜಿಗಿಯುತ್ತಾರೆ. ಒಂದು ಭಾವಚಿತ್ರಕ್ಕಾಗಿ ಧಾರೆಯ ಅಂಚಿಗೆ ಹೋಗಿ ನಿಲ್ಲುತ್ತಾರೆ. ಹಿಂಜರಿದ ಗೆಳೆಯನನ್ನು ಹೇಡಿಯೆಂದು ಹೀಯಾಳಿಸುತ್ತಾರೆ. ಆ ಹೀಯಾಳಿಕೆಗೆ ಕಿವಿಗೊಡದೆ ದಂಡೆಯಲ್ಲೇ ನಿಂತವನೇ ನಿಜವಾದ ಧೈರ್ಯಶಾಲಿ. ಮುಳುಗುತ್ತಿರುವವನನ್ನು ಉಳಿಸಲು ತಾನೂ ಧುಮುಕಿ ಇಬ್ಬರೂ ಪ್ರಾಣ ಕಳೆದುಕೊಂಡ ಪ್ರಸಂಗಗಳು ಎಷ್ಟೋ ಇವೆ. ಅಂತಹ ಸಮಯದಲ್ಲಿ ದಂಡೆಯ ಮೇಲೆ ನಿಂತೇ ಹಗ್ಗವನ್ನೋ, ಉದ್ದನೆಯ ಕೋಲನ್ನೋ, ಗಂಟುಹಾಕಿದ ಪಂಚೆ ಸೀರೆಗಳನ್ನೋ ಚಾಚಬೇಕು. ಕೂಗಿ ಜನರನ್ನು ಕರೆಯಬೇಕು. 112ಕ್ಕೆ ದೂರವಾಣಿ ಮಾಡಬೇಕು. ಊರಿನವರು ‘ಅಲ್ಲಿಗೆ ಹೋಗಬೇಡಿ’ ಎಂದರೆ ಆ ಮಾತಿಗೆ ಬೆಲೆ ಕೊಡಬೇಕು. ಹೊರಗಿನವನು ಒಂದು ದಿನ ಕಂಡ ಹೊಳೆಯನ್ನು ಅವರು ಹುಟ್ಟಿದಂದಿನಿಂದ ಕಂಡಿರುತ್ತಾರೆ.

ಹೊಣೆಯೆಲ್ಲ ವಿಹಾರಿಯ ಮೇಲೆಯೇ ಇದೆಯೆಂದು ಇದರ ಅರ್ಥವಲ್ಲ. ಧರ್ಮದರ್ಶಿಯಾದ ಸರ್ಕಾರಕ್ಕೂ ಅದರ ಪಾಲಿದೆ. ಅಪಾಯದ ಸ್ಥಳಗಳಲ್ಲಿ ಗಟ್ಟಿಯಾದ ಕಟಕಟೆ, ನೀರಿನ ಮಟ್ಟವನ್ನು ತಿಳಿಸುವ ಫಲಕ, ಜನಸಂದಣಿಯ ದಿನಗಳಲ್ಲಿ ತರಬೇತಿ ಪಡೆದ ಕಾವಲುಗಾರರು, ಹೆಂಗಸರಿಗೆ ಬಟ್ಟೆ ಬದಲಿಸಲು ಮರೆಯಾದ ಜಾಗ, ಶುಚಿಯಾದ ಶೌಚಾಲಯ, ಕಸ ಹಾಕಲು ತೊಟ್ಟಿಗಳು ಎಲ್ಲ ಜಲತೀರಗಳಲ್ಲಿಯೂ ಇರತಕ್ಕವು. ಇದು ನಮ್ಮಿಂದಾಗದ ಕೆಲಸವೇನಲ್ಲ. ಉತ್ತರ ಕನ್ನಡದ ಕಾಸರಕೋಡು ಹಾಗೂ ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ‘ನೀಲಿ ಬಾವುಟ’ವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ನೀರಿನ ಶುದ್ಧತೆ, ನೈರ್ಮಲ್ಯ, ಜೀವರಕ್ಷಣೆ ಮೊದಲಾದ 33 ನಿಬಂಧನೆಗಳನ್ನು ಪೂರೈಸಿದ ತೀರಗಳಿಗೆ ಮಾತ್ರ ಆ ಬಾವುಟ ಸಲ್ಲುತ್ತದೆ. ಕಡಲ ತೀರದಲ್ಲಿ ಸಾಧ್ಯವಾದುದು ಕಾವೇರಿಯ ತೀರದಲ್ಲೂ ಸಾಧ್ಯವಾಗಬೇಕು.

ಆದರೂ ಎಷ್ಟು ಕಟಕಟೆ ಕಟ್ಟಿದರೂ ಅದನ್ನು ಹತ್ತಿ ದಾಟುವವರಿದ್ದರೆ, ಎಷ್ಟು ತೊಟ್ಟಿ ಇಟ್ಟರೂ ಅದರ ಪಕ್ಕದಲ್ಲೇ ಎಸೆಯುವವರಿದ್ದರೆ ಪ್ರಯೋಜನವಿಲ್ಲ. ಕಾನೂನು ದಂಡೆಯವರೆಗೆ ಬರಬಲ್ಲದು. ವಿವೇಕವು ಮನೆಯಿಂದಲೇ ಹೊರಡಬೇಕು. ಬುತ್ತಿಯನ್ನು ತೊಳೆದು ಮತ್ತೆ ಬಳಸುವ ಡಬ್ಬಿಗಳಲ್ಲಿ ಕಟ್ಟಿಕೊಳ್ಳುವುದು, ತಂದುದನ್ನೆಲ್ಲ ಮರಳಿ ಒಯ್ಯಲು ಒಂದು ಬಟ್ಟೆಯ ಚೀಲವನ್ನು ಜೊತೆಯಲ್ಲಿಡುವುದು, ಚಿಕ್ಕ ಮಕ್ಕಳ ಕೈಬಿಡದಿರುವುದು, ನೀರು ಇಳಿಯುವ ತನಕ ನೋಟದಲ್ಲಿಯೇ ತೃಪ್ತರಾಗುವುದು ಇವು ಹೊಸ ಕಾಲದ ಕಟ್ಟಳೆಗಳು. ಹಳೆಯ ಕಾಲದ ಯಾತ್ರಿಕನು ಭಕ್ತಿಯಿಂದ ಮಾಡುತ್ತಿದ್ದುದನ್ನು ಇಂದಿನ ವಿಹಾರಿಯು ತಿಳಿವಳಿಕೆಯಿಂದ ಮಾಡಬಹುದು. ಶಾಲೆಯ ಪ್ರವಾಸಕ್ಕೆ ಹೊರಡುವ ವಿದ್ಯಾರ್ಥಿಗಳು ಇವುಗಳನ್ನು ಮೊದಲು ಪಾಲಿಸಿ ತೋರಿಸಿದರೆ ಅವರ ಮನೆಯ ಹಿರಿಯರೂ ಅನುಸರಿಸದೆ ಇರಲಾರರು.

ಸಂಜೆ ಕೊನೆಯ ಬಸ್ಸು ಹೊರಟುಹೋದ ಮೇಲೂ ಚುಂಚನಕಟ್ಟೆಯಲ್ಲಿ ನೀರು ಧುಮುಕುತ್ತಲೇ ಇರುತ್ತದೆ. ಮರುದಿನ ಬೆಳಗ್ಗೆ ಇನ್ನೊಂದು ಸಂಸಾರ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಬರುತ್ತದೆ. ನಿನ್ನೆ ಬಂದವರು ಕಂಡಂತಹ ಶುಭ್ರವಾದ ದಂಡೆಯೇ ಅವರಿಗೂ ಕಾಣಬೇಕು. ನಿನ್ನೆ ಬಂದವರೆಲ್ಲರೂ ಕ್ಷೇಮವಾಗಿ ತಮ್ಮ ಮನೆಗಳನ್ನು ಸೇರಿರಬೇಕು. ಒಂದು ದಿನದ ವಿಹಾರ ಸಾರ್ಥಕವಾಯಿತೆನ್ನಲು ಇಷ್ಟು ಸಾಕು.