ಕಂತಿನ ಸಂಖ್ಯೆ ಇಲ್ಲದ ಅಡಿಟಿಪ್ಪಣಿ

‘ರಾಮಾಯಣ, ದೂರದರ್ಶನ, 1987.’ ಮಹಾಪ್ರಬಂಧವೊಂದರ ಅಡಿಟಿಪ್ಪಣಿ ಇಷ್ಟಕ್ಕೇ ಮುಗಿದರೆ ಓದುಗ ಏನು ಮಾಡಬೇಕು? ರಮಾನಂದ ಸಾಗರ್ ಅವರ ಆ ಧಾರಾವಾಹಿಗೆ 78 ಕಂತುಗಳಿವೆ, ಪ್ರಸಾರ 1988ರವರೆಗೂ ನಡೆಯಿತು. ಸಂಶೋಧಕರು ಎತ್ತಿಕೊಂಡ ಮಾತು ಎಷ್ಟನೇ ಕಂತಿನದು, ಎಷ್ಟನೇ ನಿಮಿಷದ್ದು? ಕಾದಂಬರಿಯ ಸಾಲಿಗೆ ಪುಟಸಂಖ್ಯೆ ಇಲ್ಲದಿದ್ದರೆ ಅಧ್ಯಾಯವನ್ನೇ ವಾಪಸ್ ಕಳಿಸುವ ಮಾರ್ಗದರ್ಶಕರು ಕಿರುತೆರೆಯ ವಿಷಯದಲ್ಲಿ ಸುಮ್ಮನಿರಬಾರದು.

ಕಂತನ್ನು ಉಲ್ಲೇಖಿಸುವ ನಿಯಮಗಳಿಗೇನೂ ಕೊರತೆಯಿಲ್ಲ. ಎಂಎಲ್‌ಎ ಪದ್ಧತಿಯಲ್ಲಿ ಕಂತಿನ ಹೆಸರು, ಧಾರಾವಾಹಿಯ ಹೆಸರು, ಸೀಸನ್, ಕಂತಿನ ಸಂಖ್ಯೆ, ವಾಹಿನಿ, ಪ್ರಸಾರದ ದಿನಾಂಕ ಎಲ್ಲಕ್ಕೂ ಜಾಗವಿದೆ. ಎಪಿಎ ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಕಂತನ್ನು ಬರೆದವರು ಮತ್ತು ನಿರ್ದೇಶಿಸಿದವರ ಹೆಸರನ್ನೇ ಮೊದಲಿಗೆ ಕೇಳುತ್ತದೆ. ಕನ್ನಡದ ಸಂಶೋಧನೆಗೆ ಇದು ತುಂಬ ಬೇಕಾದದ್ದು. 1998ರ ‘ಮಾಯಾಮೃಗ’ವನ್ನು ನಾವೆಲ್ಲ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿ ಎಂದೇ ಕರೆಯುತ್ತೇವೆ. ಅದರ ನಿರ್ದೇಶನದಲ್ಲಿ ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರ ಪಾಲೂ ಇತ್ತು. ಮಾತಿನಲ್ಲಿ ಒಂದು ಹೆಸರು ಸಾಕು, ಸಂಶೋಧನೆಗೆ ಸಾಲದು. ದಿನವಹಿ ಧಾರಾವಾಹಿಗಳಲ್ಲಂತೂ ಪ್ರಧಾನ ನಿರ್ದೇಶಕರು ಒಬ್ಬರು, ಸಂಚಿಕೆ ನಿರ್ದೇಶಕರು ಮತ್ತೊಬ್ಬರು, ಸಂಭಾಷಣೆ ಬರೆಯುವವರು ಇನ್ನೊಬ್ಬರು ಇರುತ್ತಾರೆ. ಸಾವಿರ ಕಂತು ದಾಟುವಷ್ಟರಲ್ಲಿ ಇವರಲ್ಲಿ ಕೆಲವರು ಬದಲಾಗಿರುವುದೂ ಉಂಟು. ಸೊಸೆಯ ಪಾತ್ರದ ಮಾತಿನ ಧಾಟಿ ನಡುವೆಯೇ ಬದಲಾಯಿತೆಂದು ವಾದಿಸುವ ಸಂಶೋಧಕಿ, ಆ ಕಂತುಗಳಿಗೆ ಸಂಭಾಷಣೆ ಬರೆದವರು ಯಾರೆಂದು ನೋಡದೆ ಹೇಗೆ ಮುಂದುವರಿಯಬಲ್ಲರು?

ಆವೃತ್ತಿಯನ್ನು ಹೇಳುವುದೂ ಅಷ್ಟೇ ಮುಖ್ಯ. ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ತಯಾರಾಯಿತು. ಯಾವ ಭಾಷೆಯದನ್ನು, ಯಾವಾಗ, ಎಲ್ಲಿ ನೋಡಿದ್ದು ಎಂದು ಬರೆಯದಿದ್ದರೆ ಸಂಭಾಷಣೆಯ ಬಗೆಗಿನ ಯಾವ ಮಾತನ್ನೂ ಇನ್ನೊಬ್ಬರು ಪರಿಶೀಲಿಸಲಾಗದು.

ಇಷ್ಟೆಲ್ಲ ಸರಿಯಾಗಿ ಬರೆದರೂ ಆ ಕಂತು ಸಿಗಬೇಕಲ್ಲ? ನಿಜವಾದ ತೊಡಕು ಇಲ್ಲಿದೆ. ಬಿಬಿಸಿಯಂಥ ಸಂಸ್ಥೆಯೇ 1960, 70ರ ದಶಕಗಳಲ್ಲಿ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ‘ಡಾಕ್ಟರ್ ಹೂ’ ಸರಣಿಯ ಹತ್ತಾರು ಕಂತುಗಳು ಹೋದದ್ದು ಹಾಗೆ. ಆ ನಷ್ಟದಿಂದ ನಾವು ಕಲಿತಿಲ್ಲ. ಪ್ರಕಟವಾದ ಪುಸ್ತಕದ ಪ್ರತಿಯನ್ನು ಗ್ರಂಥಾಲಯಗಳಿಗೆ ಸಲ್ಲಿಸಲೇಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಟಿವಿ ಕಾರ್ಯಕ್ರಮಗಳಿಗೆ ಅದು ಅನ್ವಯಿಸುವುದಿಲ್ಲ. ವಾಹಿನಿಗಳು ಪ್ರಸಾರದ ದಾಖಲೆಯನ್ನು 90 ದಿನ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ, ಅದು ದೂರು ಬಂದರೆ ನೋಡಲು. ಆದರೆ ಒಂದು ಪಿಎಚ್.ಡಿ.ಗೆ ಮೂರು ವರ್ಷವಾದರೂ ಬೇಕು. ಬೇರೆಡೆ ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 1968ರಿಂದಲೇ ಸಂಜೆಯ ಸುದ್ದಿಯನ್ನು ದಾಖಲಿಸಿ ಇಡುತ್ತಿದೆ. ಫ್ರಾನ್ಸ್ 1992ರಲ್ಲಿ ಕಾನೂನು ಮಾಡಿ ರೇಡಿಯೊ, ಟಿವಿ ಪ್ರಸಾರವನ್ನೂ ಕಡ್ಡಾಯ ಸಲ್ಲಿಕೆಯ ವ್ಯಾಪ್ತಿಗೆ ತಂದಿತು.

ನಮ್ಮಲ್ಲೂ 1954ರ ಕಾಯ್ದೆಯನ್ನು ಕಿರುತೆರೆಗೆ ವಿಸ್ತರಿಸಬೇಕು. ಅಲ್ಲಿಯವರೆಗೆ ವಿಶ್ವವಿದ್ಯಾಲಯಗಳು ಕೈಕಟ್ಟಿ ಕೂರಬೇಕಿಲ್ಲ. ಸ್ವಂತ ಸಂಶೋಧನೆಗಾಗಿ ಕೃತಿಯನ್ನು ನ್ಯಾಯಯುತವಾಗಿ ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಟ್ಟಿದೆ. ಅದರ ಮಿತಿಯೊಳಗೆ, ಉಲ್ಲೇಖಿಸಿದ ದೃಶ್ಯಗಳ ತುಣುಕುಗಳನ್ನು ಪ್ರಬಂಧದ ಜೊತೆಗೇ ಪರೀಕ್ಷಕರ ಮುಂದಿಡುವಂತೆ ಪತ್ರಿಕೋದ್ಯಮ ಮತ್ತು ಕನ್ನಡ ಅಧ್ಯಯನ ವಿಭಾಗಗಳು ಈ ವರ್ಷವೇ ನಿಯಮ ಮಾಡಬಹುದು.