ಬಣ್ಣ ಹಚ್ಚುವ ಕೈಗೂ ಲೆಕ್ಕ ಬೇಕು

ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಗಳಿಗೆ ಜಿಐ ಮಾನ್ಯತೆ ಇದೆ. ಒಂದು ಗೊಂಬೆಯ ಹಿಂದೆ ಎರಡು ಕೆಲಸಗಳಿರುತ್ತವೆ. ಹಗುರವಾದ ಮರವನ್ನು ಕೆತ್ತಿ ಆಕಾರ ಕೊಡುವುದು ಒಂದು. ಹುಣಸೆ ಬೀಜದ ಅಂಟು ಬೆರೆಸಿದ ಲೇಪ ಹಚ್ಚಿ, ಒಣಗಿಸಿ, ಬಣ್ಣ ತುಂಬಿ, ಕಣ್ಣು ಬರೆಯುವುದು ಇನ್ನೊಂದು. ನಮ್ಮ ಮನೆಯಲ್ಲಿ ಮೊದಲನೆಯದು ಅಣ್ಣನ ಕೆಲಸ, ಎರಡನೆಯದು ವೈನಿಯದು. ಎಂ.ಕಾಂ. ಓದುತ್ತಿರುವ ನಾನು ಅವರ ಲೆಕ್ಕ ಬರೆಯುತ್ತೇನೆ.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಆರಂಭಿಸಿತು. ಮೊತ್ತ ₹13,000 ಕೋಟಿ. ಉಪಕರಣಕ್ಕೆ ₹15,000, ತರಬೇತಿಯಲ್ಲಿ ದಿನಕ್ಕೆ ₹500 ಭತ್ಯೆ, ಶೇ 5ರ ಬಡ್ಡಿಯಲ್ಲಿ ಅಡಮಾನವಿಲ್ಲದೆ ಮೊದಲು ₹1 ಲಕ್ಷ, ನಂತರ ₹2 ಲಕ್ಷ ಸಾಲ. ಯೋಜನೆ ಒಳ್ಳೆಯದೇ. ಆದರೆ ಅದರ 18 ಕಸುಬುಗಳ ಪಟ್ಟಿಯಲ್ಲಿ ಬಡಗಿ, ಗೊಂಬೆ ತಯಾರಕರು ಇದ್ದಾರೆ. ಚಿತ್ತಾರ ಬರೆಯುವವರಿಗೆ ಪ್ರತ್ಯೇಕ ಜಾಗವಿಲ್ಲ. ಮೇಲಾಗಿ ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಸೌಲಭ್ಯ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ನಮ್ಮಲ್ಲಿ ಅರ್ಜಿ ಹೋದದ್ದು ಅಣ್ಣನ ಹೆಸರಿನಲ್ಲಿ.

ಇರುವ ಹಣ ಹೆಚ್ಚು ಮನೆಗಳಿಗೆ ತಲುಪಲಿ ಎಂಬ ತರ್ಕ ಸರಿ. ಆದರೆ ಅದರ ಪರಿಣಾಮವನ್ನೂ ನೋಡಬೇಕು. ತರಬೇತಿ, ಪ್ರಮಾಣಪತ್ರ, ಸಾಲ ತೀರಿಸಿದ ದಾಖಲೆ ಎಲ್ಲವೂ ಒಬ್ಬರ ಹೆಸರಿಗೇ ಸೇರುತ್ತವೆ. ಇನ್ನೊಬ್ಬರು ಇಪ್ಪತ್ತು ವರ್ಷ ದುಡಿದರೂ ಬ್ಯಾಂಕಿನ ಕಣ್ಣಿಗೆ ಹೊಸಬರೇ.

ಮಾರುಕಟ್ಟೆಯಂತೂ ಅನುಕೂಲಕರವಾಗಿದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಜಿಐ ಆಟಿಕೆಗಳಿಗೆ ಕಡ್ಡಾಯ ಬಿಐಎಸ್ ಗುರುತಿನಿಂದ ವಿನಾಯಿತಿಯೂ ಇದೆ. ಬೇಡಿಕೆ ಬಂದಾಗ ಕೆಲಸ ನಿಲ್ಲುವುದು ಕೆತ್ತನೆಯಲ್ಲಲ್ಲ, ಬಣ್ಣದಲ್ಲಿ. ಅಣ್ಣನ ಒಂದು ದಿನದ ಕೆತ್ತನೆಗೆ ವೈನಿಯ ಮೂರು ದಿನ ಬೇಕು. ಆದರೂ ಬೆಲೆ ಹಾಕುವಾಗ ಹೆಚ್ಚಿನವರು ಮರ, ಬಣ್ಣ, ಗಂಡಸಿನ ಕೂಲಿ ಕೂಡಿಸುತ್ತಾರೆ. ಹೆಂಗಸಿನ ಕೂಲಿಯನ್ನು 'ಲಾಭ' ಎನ್ನುತ್ತಾರೆ. ವ್ಯಾಪಾರಿ ಚೌಕಾಸಿಗೆ ಇಳಿದಾಗ ಮೊದಲು ಕರಗುವುದು ಆ ಲಾಭವೇ.

ಸರ್ಕಾರಿ ಕಾರ್ಮಿಕ ಸಮೀಕ್ಷೆಗಳು ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ನೆರವಾಗುವವರನ್ನೂ 'ಸ್ವಯಂ ಉದ್ಯೋಗಿ'ಗಳಲ್ಲೇ ಎಣಿಸುತ್ತವೆ. ಹಾಗಾಗಿ ಸ್ವಯಂ ಉದ್ಯೋಗ ಹೆಚ್ಚಿತು ಎಂಬ ಸುದ್ದಿ ಓದಿದಾಗ, ಅವರಲ್ಲಿ ಎಷ್ಟು ಮಂದಿಯ ಕೈಗೆ ದುಡ್ಡು ಬಂತು ಎಂದೂ ಕೇಳಬೇಕು.

ಸಾಲ ಕುಟುಂಬಕ್ಕೆ ಒಂದೇ ಇರಲಿ. ತರಬೇತಿ ಮತ್ತು ಪ್ರಮಾಣಪತ್ರ ದುಡಿಯುವ ಇಬ್ಬರಿಗೂ ಸಿಗಲಿ. ಇದಕ್ಕೆ ಬೇಕಾಗುವ ಹೆಚ್ಚುವರಿ ಹಣ ದೊಡ್ಡದಲ್ಲ. ಅಲ್ಲಿಯವರೆಗೆ ಜೋಡಿಯಾಗಿ ಉದ್ಯಮ ಕಟ್ಟುವ ಗೆಳೆಯ ಗೆಳತಿಯರು ಮಾಡಬಹುದಾದ ಕೆಲಸಗಳೂ ಇವೆ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ 'ಪೆಹಚಾನ್' ಗುರುತಿನ ಚೀಟಿಗೆ ಇಬ್ಬರೂ ಅರ್ಜಿ ಹಾಕಿ. ಪಾಲುದಾರಿಕೆ ಪತ್ರದಲ್ಲಿ ಇಬ್ಬರ ಪಾಲನ್ನೂ ಬರೆಸಿ. ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ. ಮಧ್ಯವರ್ತಿಗೆ ಹಣ ಕೊಡಬೇಡಿ. ಈಗ ನಮ್ಮ ಲೆಕ್ಕದ ಪುಸ್ತಕದಲ್ಲಿ ವೈನಿಯ ಕೂಲಿಗೂ ಒಂದು ಕಾಲಂ ಇದೆ. ಚೌಕಾಸಿ ಎಲ್ಲಿಗೆ ನಿಲ್ಲಬೇಕು ಎಂಬುದನ್ನು ಅದೇ ಹೇಳುತ್ತದೆ.